ಕಪ್ಪು ಕಾರಿನ ಗೆರೆ ಪುಸ್ತಕ

ನಮ್ಮ ಯಜಮಾನರು ಲೋಕೇಶ್ ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಬಣ್ಣ ತಪಾಸಣೆ ಮಾಡುವವರು. ಸಾಲು ಟ್ಯೂಬ್‌ಲೈಟಿನ ಕೆಳಗೆ ಬರುವ ಕಾರುಗಳ ಮೈಯನ್ನು ದಿನಕ್ಕೆ ಎಂಟು ಗಂಟೆ ನೋಡುತ್ತಾರೆ. ಕೂದಲೆಳೆಯಷ್ಟು ಗೆರೆ ಕಂಡರೂ ಅದರ ಸುತ್ತ ಗುರುತು ಹಾಕಿ ವಾಪಸ್ ಕಳಿಸುತ್ತಾರೆ. ಅದಕ್ಕೆ ಫ್ಯಾಕ್ಟರಿ ಸಂಬಳ ಕೊಡುತ್ತದೆ. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಾರೆ. ಮದುವೆಯಾದ ಹೊಸತರಲ್ಲಿ ನನ್ನ ಮುಖವನ್ನೇ ದಿಟ್ಟಿಸಿ ನೋಡುತ್ತಿದ್ದರು. ಪ್ರೀತಿ ಎಂದುಕೊಂಡಿದ್ದೆ. ಮೂರನೇ ದಿನ, ಹುಬ್ಬಿನ ಮೇಲಿನ ಕಲೆ ಹೇಗಾಯಿತು ಎಂದು ಕೇಳಿದರು.

ಎರಡು ಸಾವಿರದ ಆರನೇ ಇಸವಿಯ ಯುಗಾದಿಗೆ ಅವರು ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದರು. ಅದೇ ದುಡ್ಡಿಗೆ ಬಿಳಿಯದೂ ಇತ್ತು, ಬೂದಿ ಬಣ್ಣದ್ದೂ ಇತ್ತು. ಇವರು ಕಪ್ಪನ್ನೇ ಆರಿಸಿದರು. ಕಪ್ಪು ಬಣ್ಣ ಬಲು ಮೆತ್ತಗಂತೆ. ಒಣಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು, ಬೆಳಗಿನ ಬಿಸಿಲಿಗೆ ಜೇಡರ ಬಲೆ ಹಾಗೆ ಗೆರೆ ಏಳುತ್ತವಂತೆ. ಅಷ್ಟು ಗೊತ್ತಿದ್ದೂ ಯಾಕೆ ತಂದಿರಿ ಎಂದರೆ, ಬಿಳಿ ಕಾರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು ಎಂದರು.

ಅಂದಿನಿಂದ ನಮ್ಮ ಮನೆಗೊಂದು ಶಾಸ್ತ್ರ ಬಂತು. ಮೊದಲು ಬರೀ ನೀರು ಸುರಿದು ಧೂಳನ್ನು ಇಳಿಸಬೇಕು. ಆಮೇಲೆ ಎರಡು ಬಕೆಟ್. ಒಂದರಲ್ಲಿ ಸೋಪಿನ ನೀರು, ಇನ್ನೊಂದು ಬಟ್ಟೆ ಜಾಲಿಸುವುದಕ್ಕೆ. ಬಟ್ಟೆಗೆ ಹತ್ತಿದ ಮರಳು ಆ ಬಕೆಟ್ಟಿನ ತಳಕ್ಕೆ ಇಳಿಯಬೇಕು, ಮತ್ತೆ ಕಾರಿಗೆ ಹತ್ತಬಾರದು. ಒರೆಸುವಾಗ ಕೈ ನೇರವಾಗಿ ಹೋಗಬೇಕು, ದೋಸೆ ಹುಯ್ಯುವ ಹಾಗೆ ಸುತ್ತಬಾರದು. ಹಳೇ ಬನಿಯನ್ ಕೊಟ್ಟೆ, ಹೊಲಿಗೆ ಗೀಚುತ್ತದೆ ಎಂದು ಹೊಲಿಗೆ ಕತ್ತರಿಸಿದರು. ಮೇಲೊಂದು ಹೊದಿಕೆ ಹಾಕಿ ಬಿಡಿ ಎಂದೆ. ಗಾಳಿಗೆ ಹೊದಿಕೆ ಅಲ್ಲಾಡಿದರೆ ಕೆಳಗಿನ ಧೂಳೇ ಉಜ್ಜುತ್ತದಂತೆ. ನಮ್ಮ ಮಗಳಿಗೂ ಇಷ್ಟು ಜೋಪಾನವಾಗಿ ನೀರು ಹಾಕಿದವರಲ್ಲ.

ಇಷ್ಟು ಸಾಲದೆಂದು ಒಂದು ನೋಟ್‌ಬುಕ್. ಫ್ಯಾಕ್ಟರಿಯ ಹಾಗೆ ನಾಲ್ಕು ಕಾಲಂ: ಜಾಗ, ದೋಷ, ಕಾರಣ, ಪರಿಹಾರ. ಮೊದಲ ಪುಟದಲ್ಲಿ ಹೀಗಿತ್ತು. ಜಾಗ: ಬಾನೆಟ್, ಎಡಬದಿ. ದೋಷ: ಗೆರೆ ಮೂರು. ಕಾರಣ: ಬೆಕ್ಕು. ಪರಿಹಾರ: ಪಾಲಿಶ್. ಬೆಕ್ಕಿನ ಕೆಳಗೇ ನಾನಿದ್ದೆ. ಜಾಗ: ಮುಂದಿನ ಬಾಗಿಲು. ದೋಷ: ಗೆರೆ ಒಂದು. ಕಾರಣ: ಲತಾಮಣಿಯ ಬಳೆ. ಪರಿಹಾರ: ಬಳೆ ಬಿಚ್ಚಿಟ್ಟು ಬಾಗಿಲು ತೆಗೆಯುವುದು.

"ರೀ, ನೀವು ಗುಂಡುಕಲ್ಲಿನ ಹಾಗಿರೋವಾಗ ನಾನ್ಯಾಕೆ ಬಳೆ ಬಿಚ್ಚಲಿ?" ಎಂದು ಜಗಳಕ್ಕೇ ನಿಂತೆ. ಅವರು ಸ್ವಲ್ಪ ಯೋಚಿಸಿ, ಹಾಗಾದರೆ ಬಾಗಿಲನ್ನು ತಾವೇ ತೆಗೆಯುವುದಾಗಿ ಹೇಳಿದರು. ಅಂದಿನಿಂದ ನಾನು ಮಂತ್ರಿಯ ಹಾಗೆ ಕಾರು ಹತ್ತಿ ಇಳಿಯುತ್ತಿದ್ದೆ. ಪುಸ್ತಕದಲ್ಲಿ ಬರೆದದ್ದನ್ನು ಮಾತ್ರ ಹೊಡೆದು ಹಾಕಲಿಲ್ಲ.

ಬಳೆಯ ವಿಷಯ ನುಂಗಿಕೊಂಡೆ. ನುಂಗಲಾಗದ್ದು ನನ್ನ ಅವ್ವನ ವಿಷಯ.

ನನ್ನ ತವರು ಕನಕಪುರದ ಆಚೆ, ದೊಡ್ಡಆಲಹಳ್ಳಿಯಿಂದ ಒಳಗೆ ಒಂದು ಮೈಲಿ. ತೋಟದಲ್ಲೇ ಮನೆ. ಅಲ್ಲಿ ಅವ್ವ ಕಾವೇರಮ್ಮ, ತಮ್ಮ ಅನಂತರಾಜು, ಅವನ ಹೆಂಡತಿ ಮಕ್ಕಳು, ಒಂದಷ್ಟು ರೇಷ್ಮೆಹುಳ, ಹಿಪ್ಪುನೇರಳೆ. ಕಾರು ತಂದ ದಿನವೇ ನಾನು ಫೋನ್ ಮಾಡಿ ಹೇಳಿದ್ದೆ. ಅವ್ವ ಸಂಜೆಯೊಳಗೆ ಊರಿಗೆಲ್ಲ ಹೇಳಿದ್ದಳು. ಒಂದೂವರೆ ವರ್ಷವಾದರೂ ಕಾರು ಊರಿನ ಕಡೆ ತಲೆ ಹಾಕಲಿಲ್ಲ. ತೋಟದ ದಾರಿ ಮಣ್ಣಿನದು, ಎರಡೂ ಕಡೆ ಲಂಟಾನ ಮುಳ್ಳು ಬೆಳೆದು ನಡುವೆ ಎತ್ತಿನ ಗಾಡಿಯಷ್ಟೇ ಜಾಗ. "ಆ ದಾರೀಲಿ ಒಂದ್ಸಲ ಹೋದ್ರೆ ಕಾರಿಗೆ ಎರಡೂ ಕಡೆ ಬಾಚಣಿಗೆ ಹಾಕ್ದಂಗೆ" ಎಂದು ಇವರು ಖಂಡಿತವಾಗಿ ಹೇಳಿಬಿಟ್ಟಿದ್ದರು. ಹಾಗಾಗಿ ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನಾವು ರಾಮನಗರಕ್ಕೊಂದು ಬಸ್ಸು, ಕನಕಪುರಕ್ಕೊಂದು ಬಸ್ಸು, ಊರಿಗೊಂದು ಬಸ್ಸು ಹಿಡಿಯುತ್ತಿದ್ದೆವು.

ಪಕ್ಕದ ಹೊಲದ ಹನುಮಂತಯ್ಯನಿಗೆ ನಾಲಿಗೆ ತುರಿಸುತ್ತಲೇ ಇರುತ್ತದೆ. ನಮ್ಮನ್ನು ಬಸ್‌ಸ್ಟಾಪಿನಲ್ಲಿ ಕಂಡಾಗಲೆಲ್ಲ, ಎದುರುಗೊಳ್ಳಲು ಬಂದ ಅವ್ವನಿಗೆ, "ಏನ್ ಕಾವೇರಮ್ಮ, ನಿನ್ನಳಿಯನ ಕಾರು ಬರೀ ಮಾತ್ನಲ್ಲೇ ಓಡಾಡ್ತದಾ?" ಎನ್ನುತ್ತಿದ್ದ. ಅವ್ವ ನಗುತ್ತಿದ್ದಳು. ಆ ನಗು ಕಂಡಾಗಲೆಲ್ಲ ನಾನು ಯಜಮಾನರನ್ನು ದುರುಗುಟ್ಟಿ ನೋಡುತ್ತಿದ್ದೆ.

ಕಾರು ತಂದ ಮರುವರ್ಷದ ಗೌರಿ ಹಬ್ಬಕ್ಕೆ ಇಪ್ಪತ್ತು ದಿನ ಇರುವಾಗ ಅವ್ವ ಫೋನ್ ಮಾಡಿದಳು. "ಬಾಗಿನ ತಕ್ಕೊಳಕ್ಕೆ ಬಾವ್ವ. ಈ ಸಲನಾದ್ರೂ ಕಾರಲ್ಲಿ ಬತ್ತೀರಾ?" ಎಂದಳು. ಅವಳು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ನನಗೆ ಗಂಡನ ಮೇಲಿದ್ದ ಸಿಟ್ಟೆಲ್ಲ ಅವಳ ಮೇಲೆ ಬಂತು. "ಹೆಂಗೆ ಬರದವ್ವ? ಲಂಟಾನ ಗೀಚ್ತದಂತೆ, ಧೂಳು ಕೂತ್ರೆ ಬಣ್ಣ ಹೋಯ್ತದಂತೆ, ಯಾರೂ ಮುಟ್ಟಂಗಿಲ್ಲವಂತೆ!" ಎಂದು ಕೂಗಾಡಿದೆ.

"ಹಂಗಾ" ಎಂದಳು ಅವ್ವ. ಫೋನ್ ಇಟ್ಟಳು.

ನೊಂದುಕೊಂಡಳು ಎಂದು ನಾನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಹಬ್ಬಕ್ಕೆ ಎರಡು ದಿನ ಉಳಿದಾಗ ಅನಂತರಾಜು ಫೋನ್ ಮಾಡಿದ. "ಅಕ್ಕ, ಭಾವಂಗೆ ಹೇಳು. ದಾರೀಲಿ ಒಂದ್ ಕಡ್ಡಿ ಇಲ್ಲ. ನಾನೇ ಅಳತೆ ಹಿಡ್ದು ನೋಡಿವ್ನಿ, ಎಲ್ ನೋಡಿದ್ರೂ ಕಾರಿಗಿಂತ ಎರಡು ಮಾರು ಜಾಸ್ತಿನೇ ಐತೆ. ಹಬ್ಬದ ದಿನ ಬೆಳಿಗ್ಗೆ ನೀರೂ ಹಾಕಿರ್ತೀವಿ, ಧೂಳು ಏಳಾಕಿಲ್ಲ."

ಪಂಚಾಯ್ತಿಯವರು ಯಾವುದೋ ಯಂತ್ರ ತರಿಸಿರಬೇಕು ಎಂದುಕೊಂಡೆ. ಯಜಮಾನರಿಗೆ ವಿಷಯ ಮುಟ್ಟಿಸಿದೆ. "ಕಾರು ಬಂದರೆ ಹಬ್ಬಕ್ಕೆ ಹೋಗಿ ಬರ್ತೀನಿ. ಬಾರದಿದ್ದರೆ ಹೋಗ್ತೀನಿ, ಅಷ್ಟೆ" ಎಂದೂ ಸೇರಿಸಿದೆ. ಅವರು ನನ್ನ ಮುಖವನ್ನು ಚೆನ್ನಾಗಿ ತಪಾಸಣೆ ಮಾಡಿ, ಕಾರಿಗೆ ಎರಡು ಸಲ ಮೇಣ ಹಚ್ಚಿದರು.

ಹಬ್ಬದ ದಿನ ಟಾರು ರಸ್ತೆ ಬಿಟ್ಟು ತೋಟದ ದಾರಿಗೆ ಇಳಿಯುವ ಮೊದಲು ಅವರು ಕಾರು ನಿಲ್ಲಿಸಿ, ಇಳಿದು, ಸ್ವಲ್ಪ ದೂರ ನಡೆದು ನೋಡಿ ಬಂದರು. ನೆಲ ಒದ್ದೆಯಾಗಿತ್ತು. ಎರಡೂ ಬದಿ ನೆಲಮಟ್ಟಕ್ಕೆ ಕತ್ತರಿಸಿದ ಲಂಟಾನದ ಕೂಳೆ ಉಳಿದಿತ್ತು, ಕಡಿದ ಗಿಡವನ್ನು ದೂರದಲ್ಲಿ ಒಟ್ಟಿದ್ದರು. ನಾವು ನಡೆಯುವ ವೇಗದಲ್ಲಿ ಹೊರಟೆವು. ಹನುಮಂತಯ್ಯ ಸೈಕಲ್ಲಿನಲ್ಲಿ ಹಿಂದಿನಿಂದ ಬಂದು, ನಮ್ಮನ್ನು ದಾಟಿ, ತಿರುಗಿ ನೋಡಿ, ಊರಿಗೆ ಸುದ್ದಿ ಮುಟ್ಟಿಸಲು ಮುಂದೆ ಹೋದ. ನಾವು ತಲುಪುವಷ್ಟರಲ್ಲಿ ಅಂಗಳದಲ್ಲಿ ಹದಿನೈದು ಜನರಿದ್ದರು.

ಎಲ್ಲರೂ ಮನೆಯ ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಮಕ್ಕಳ ಕೈಗಳನ್ನು ದೊಡ್ಡವರು ಹಿಡಿದುಕೊಂಡಿದ್ದರು. ಕೋಳಿಗಳ ಮೇಲೆಲ್ಲ ಬುಟ್ಟಿ ಕವುಚಿದ್ದರು. ಯಾರೂ ಕಾರಿನ ಹತ್ತಿರ ಬರಲಿಲ್ಲ, ಎಲ್ಲ ಅವ್ವನ ಕಟ್ಟಪ್ಪಣೆ. ಅವ್ವ ಎಲ್ಲರಿಗಿಂತ ಮುಂದೆ, ಆದರೂ ಕಾರಿನಿಂದ ಮೂರು ಹೆಜ್ಜೆ ದೂರದಲ್ಲಿ, ಹೊಸ ಸೀರೆ ಉಟ್ಟು, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು.

"ಬನ್ನಿ ಅಳಿಯಂದ್ರೆ. ದಾರೀಲಿ ಏನೂ ತಗಲ್ನಿಲ್ಲ ತಾನೆ?"

"ಇಲ್ಲ ಅತ್ತೆ. ಪಂಚಾಯ್ತಿಯವರು ಚೆನ್ನಾಗಿ ಮಾಡಿದ್ದಾರೆ."

ಅನಂತರಾಜು ಜೋರಾಗಿ ನಕ್ಕುಬಿಟ್ಟ. "ಯಾವ ಪಂಚಾಯ್ತಿ ಭಾವ? ಅಕ್ಕ ಫೋನಲ್ಲಿ ಬೈದಿದ್ದೇ ಬೈದಿದ್ದು, ಮಾರನೇ ದಿನದಿಂದ ಅವ್ವ ಮಚ್ಚು ಹಿಡ್ಕಂಡು ಹೋದ್ಲು. ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕದು, ಆಮೇಲೆ ಲಂಟಾನ ಕಡಿಯದು. ನಾವೂ ಬತ್ತೀವಿ ಅಂದ್ರೆ, ನೀವು ಮೋಟು ಬುಟ್ಟುಬುಡ್ತೀರ ಅಂತ ಹತ್ರ ಸೇರ್ಸ್ನಿಲ್ಲ. ಹದಿನೇಳು ದಿನ!"

"ಸುಮ್ಕಿರ್ಲಾ" ಎಂದು ಅವ್ವ ಅವನನ್ನು ಹೊಡೆಯಲು ಕೈ ಎತ್ತಿದಳು. ಸೆರಗು ಜಾರಿತು.

ಬೆರಳಿಂದ ಮೊಣಕೈವರೆಗೆ ಅವಳ ಎರಡೂ ಕೈ ತುಂಬ ಗೆರೆಗಳು. ಹಳೆಯವು ಕಪ್ಪಾಗಿದ್ದವು, ಹೊಸವು ಅರಿಶಿನ ಹಚ್ಚಿಕೊಂಡು ಹಳದಿಯಾಗಿದ್ದವು. ನೇರ ಗೆರೆ, ಅಡ್ಡ ಗೆರೆ, ಒಂದರ ಮೇಲೊಂದು. ಯಜಮಾನರು ಕಾರಿನ ಬೀಗದ ಕೈ ಹಿಡಿದುಕೊಂಡು ಆ ಕೈಗಳನ್ನು ನೋಡುತ್ತಲೇ ನಿಂತರು. ದಿನಕ್ಕೆ ಎಂಟು ಗಂಟೆ ಗೆರೆ ಹುಡುಕುವ ಮನುಷ್ಯ, ಇಲ್ಲಿ ಹುಡುಕುವ ಅಗತ್ಯವೇ ಇರಲಿಲ್ಲ.

"ಏನಿಲ್ಲ ಕಣಪ್ಪ, ಒಸಿ ಗೀಚ್ಬುಡ್ತು. ಚರ್ಮ ಅಲ್ವಾ, ತಿರ್ಗಾ ಬತ್ತದೆ" ಎಂದು ಅವ್ವ ಕೈಗಳನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಂಡಳು.

ಗೋಡೆಯ ಸಾಲಿನಿಂದ ಹನುಮಂತಯ್ಯ ಕತ್ತು ಚಾಚಿ ನೋಡುತ್ತಿದ್ದ. ಆಗ ಯಜಮಾನರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, "ಮುಟ್ಟಿ ಅತ್ತೆ" ಎಂದರು.

"ಬ್ಯಾಡಿ ಅಳಿಯಂದ್ರೆ. ನನ್ ಕೈ ಒರಟು."

"ದೃಷ್ಟಿ ತೆಗೀರಿ. ಇಷ್ಟು ಜನ ನೋಡ್ತಾವ್ರೆ."

ದೃಷ್ಟಿ ಎಂದ ಮೇಲೆ ಅವ್ವ ಬಿಡುವವಳಲ್ಲ. ಮುಂದೆ ಬಂದು, ಮಗುವಿನ ಕೆನ್ನೆ ನೀವುವ ಹಾಗೆ ಎರಡೂ ಅಂಗೈಗಳನ್ನು ಬಾನೆಟ್ಟಿನ ಮೇಲಿಟ್ಟು, ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಸವರಿ, ಬೆರಳುಗಳನ್ನು ತನ್ನ ಕಣತಲೆಗೆ ಒತ್ತಿ ನೆಟಿಕೆ ಮುರಿದಳು. ಹತ್ತು ಬೆರಳೂ ಲಟಲಟ ಎಂದವು. ಅದಕ್ಕೂ ಮೊದಲು, ಅವಳ ಕೈ ಜಾರುವಾಗ ಸಣ್ಣಗೆ ಸರ್ರೆಂದು ಕೇಳಿಸಿತ್ತು. ನನಗೆ ಕೇಳಿಸಿತು ಎಂದರೆ ಇವರಿಗೂ ಕೇಳಿಸಿದೆ. ಇವರ ಬಲಗಣ್ಣು ಒಂದು ಸಲ ಅದುರಿತು, ಅಷ್ಟೆ. ಅವ್ವನಿಗೆ ಏನೂ ಗೊತ್ತಾಗಲಿಲ್ಲ. ಅವಳು ಹನುಮಂತಯ್ಯನ ಕಡೆ ನೋಡುತ್ತಿದ್ದಳು.

ಮಧ್ಯಾಹ್ನ ಬಾಗಿನ ಕೊಟ್ಟ ಮೇಲೆ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಯಜಮಾನರು ಊರೊಳಗೆ ಎರಡು ಸುತ್ತು ಹಾಕಿದರು. ಎರಡನೇ ಸುತ್ತು ಅವ್ವ ಕೇಳಿದ್ದಲ್ಲ.

ಮಾರನೇ ದಿನ ಬಿಡದಿಯಲ್ಲಿ ಬೆಳಗಿನ ಬಿಸಿಲು ಬಿದ್ದ ಕೂಡಲೇ ಅವರು ಕಾರಿನ ಮುಂದೆ ಬಗ್ಗಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ನೋಟ್‌ಬುಕ್ ತಂದು ಬರೆದು, ಗಣೇಶನ ಪೂಜೆಗೆಂದು ಸ್ನಾನಕ್ಕೆ ಹೋದರು. ನಾನು ತೆಗೆದು ನೋಡಿದೆ.

ಜಾಗ: ಬಾನೆಟ್, ನಡುಮಧ್ಯ. ದೋಷ: ಎರಡು ಅಂಗೈ ಅಗಲ, ಗೆರೆ ಲೆಕ್ಕಕ್ಕೆ ಸಿಗುವುದಿಲ್ಲ. ಕಾರಣ: ಅತ್ತೆ. ಪರಿಹಾರ ಎಂಬಲ್ಲಿ ಮೊದಲು ಪಾಲಿಶ್ ಎಂದು ಬರೆದು, ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಬರೆದಿದ್ದರು: ಹಾಗೇ ಇರಲಿ.

ಕಣ್ಣು ಒರೆಸಿಕೊಂಡು ಕೂತೆ. ಅವರು ತಲೆ ಒರೆಸಿಕೊಳ್ಳುತ್ತ ಬಂದಾಗ ಮೊದಲ ಪುಟ ತೆಗೆದು ತೋರಿಸಿ, "ರೀ, ಹಾಗಾದ್ರೆ ಈ ಬಳೆದೂ ಹೊಡೆದು ಹಾಕಿ" ಎಂದೆ.

ಅವರು ಪುಟವನ್ನು ನೋಡಿದರು, ನನ್ನ ಕೈಯನ್ನು ನೋಡಿದರು.

"ಅದು ಬೇರೆ" ಎಂದರು.