ಕಾಲ್ಮಡಿ

ಬಾಳಮ್ಮನ ಬಾಯಿಗೆ ಹೆದರದವರು ಗೋವಾದ ಕುಡಚಡೆಯ ನಮ್ಮ ಓಣಿಯಲ್ಲಿ ಇರಲಿಲ್ಲ. ಅದಿರಿನ ಲಾರಿಗಳನ್ನೂ ನಿಲ್ಲಿಸಿ ಬೈದವಳು. ಅಂಥವಳಿಗೂ ಒಂದು ಮಾತಿಗೆ ಮಾತ್ರ ಭಾರಿ ನಾಚಿಕೆ. ಉಚ್ಚೆ ಅನ್ನುತ್ತಿರಲಿಲ್ಲ, ವಿಜಯಪುರದ ಕಡೆಯ ಹಿರಿಯರಂತೆ ‘ಕಾಲ್ಮಡಿ’ ಅನ್ನುತ್ತಿದ್ದಳು.

ಜಾರಿ ಬಿದ್ದು ಸೊಂಟದ ಆಪರೇಷನ್ ಆದಮೇಲೆ, ಮಗ ಮಾಂತೇಶ, ಸೊಸೆ ಅಂಬಿಕಾ ಕೆಲಸಕ್ಕೆ ಹೋದಾಗ ನೋಡಿಕೊಳ್ಳಲು ಸಾವರ್ಡೆಯಿಂದ ಗೌರಿಬಾಯಿ ಬರತೊಡಗಿದಳು. ಮನೆಮಾತು ಕೊಂಕಣಿ, ಸಂತೆಯಲ್ಲಿ ಕಲಿತ ನಾಲ್ಕು ಮಾತು ಕನ್ನಡ, ಮನಸ್ಸು ಬೆಣ್ಣೆ. ಮುದುಕಿ ‘ಕಾಲ್ಮಡೀಬೇಕು’ ಅಂದಾಗಲೆಲ್ಲ ಪಾಪ, ಮೊಣಕಾಲು ಮೆಲ್ಲಗೆ ಮಡಿಸಿ, ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಬಾಳಮ್ಮ ತಡೆಯುವಷ್ಟು ತಡೆದು ಹಾಸಿಗೆಯಲ್ಲೇ ಬಿಡುತ್ತಿದ್ದಳು.

ಹಿಡಿತ ತಪ್ಪಿದೆ ಎಂದು ಎಲ್ಲರೂ ನಂಬಿದರು. ಡೈಪರ್ ಬಂತು. ಕೇಳಿದರೂ ಎಬ್ಬಿಸುವುದಿಲ್ಲವೆಂದರೆ ತಾನು ಎಲ್ಲರಿಗೂ ಭಾರವಾಗಿದ್ದೇನೆ ಎಂದುಕೊಂಡಳು ಮುದುಕಿ. ಮಗ-ಸೊಸೆಯ ಮುಂದೆ ಈ ಮಾತು ಎತ್ತುವುದುಂಟೇ? ಮಾನ ಉಳಿಸಿಕೊಳ್ಳಲು ಅವಳು ಕಂಡ ದಾರಿ ಒಂದೇ. ನೀರು ಕುಡಿಯುವುದನ್ನು ಬಿಟ್ಟಳು.

ಪಕ್ಕದ ಮನೆಯವಳಾದ ನಾನು ಒಂದು ಮಧ್ಯಾಹ್ನ ಮಾತಾಡಿಸಲು ಹೋದಾಗ ಬಾಳಮ್ಮ ‘ಕಾಲ್ಮಡೀಬೇಕು’ ಅಂದದ್ದು ಕೇಳಿಸಿತು, ಹಿಂದೆಯೇ ಈ ಕಾಲು ತಿಕ್ಕುವ ಸೇವೆ ಕಂಡೆ. ಮೊದಲು ನಗು ಬಂತು, ಆಮೇಲೆ ಗೌರಿಬಾಯಿಯ ಕೈ ಹಿಡಿದು ನಿಲ್ಲಿಸಿದೆ.

“ಗೌರಿಬಾಯಿ, ಆಕಿ ಕಾಲ ತಿಕ್ಕು ಅನ್ನಾಕತ್ತಿಲ್ಲ. ಒಂದಕ್ಕ ಹೋಗಬೇಕು ಅನ್ನಾಕತ್ತಾಳ.”

ಆಸ್ಪತ್ರೆಯವರು ಕೊಡಿಸಿದ್ದ ಕಮೋಡ್ ಕುರ್ಚಿ ಮೂಲೆಯಲ್ಲಿ ಬಟ್ಟೆ ಹೊತ್ತು ನಿಂತಿತ್ತು. ಇಬ್ಬರೂ ಹಿಡಿದು ಕೂರಿಸಿದೆವು. ಡೈಪರ್ ಒಣಗಿಯೇ ಇತ್ತು. ಗೌರಿಬಾಯಿ ಅದನ್ನು ಕೈಯಲ್ಲಿ ಹಿಡಿದು ಅತ್ತಳು. ಅಂದಿನಿಂದ ಎದ್ದ ಕೂಡಲೇ, ಉಂಡ ಕೂಡಲೇ, ಕೇಳುವ ಮೊದಲೇ ಕೂರಿಸತೊಡಗಿದಳು. ಹಾಸಿಗೆ ಮತ್ತೆ ಒದ್ದೆಯಾಗಲಿಲ್ಲ.

ಆದರೆ ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಾಳಮ್ಮನ ಅಂಜಿಕೆ ಹೋಗಲಿಲ್ಲ. ಎಷ್ಟು ಬೇಡಿಕೊಂಡರೂ ತುಟಿ ಒದ್ದೆ ಮಾಡಿಕೊಂಡು ಲೋಟ ದೂಡುತ್ತಿದ್ದಳು. ಮೂತ್ರಕ್ಕೆ ನಂಜಾಗಿ ಜ್ವರ ಏರಿತು. ಆಸ್ಪತ್ರೆಯಲ್ಲಿ ಮೂತ್ರ ಹೋಗಲು ನಳಿಗೆ ಹಾಕಿದರು. ತಡವಾಯಿತು ಎಂದು ಡಾಕ್ಟರು ಮಾಂತೇಶನನ್ನು ಹೊರಗೆ ಕರೆದು ಹೇಳಿದರು.

ಅಂದು ಸಂಜೆ ಬಾಳಮ್ಮ ಕಣ್ಣು ತೆರೆದು ‘ಕಾಲ್ಮಡೀಬೇಕು’ ಅಂದಳು. ನಳಿಗೆ ಇದೆಯಲ್ಲ, ಬೇಕಿಲ್ಲ ಎಂದಳು ನರ್ಸು. ಗೌರಿಬಾಯಿ ಕೇಳಲಿಲ್ಲ. ಬೆಡ್‌ಪ್ಯಾನ್ ತಂದು ಮೆಲ್ಲಗೆ ಕೆಳಗೆ ಸರಿಸಿ, ನಾಚಿಕೆಯಾಗದಂತೆ ಹೊದಿಕೆ ಎಳೆದು, ಮುಖ ಆಚೆ ತಿರುಗಿಸಿ ನಿಂತಳು.

“ಹಾಸಿಗಿ ಒದ್ದಿ ಆತೇನ?” ಬಾಳಮ್ಮ ಕೇಳಿದಳು.

“ಇಲ್ಲ ಆಯಿ. ಒಣಾ ಐತಿ.”

“ಹಂಗಾರ ಒಂದೀಟು ನೀರ ಕೊಡ.”

ಗೌರಿಬಾಯಿ ಚಮಚದಲ್ಲಿ ಹಾಕಿದಳು. ಮೊದಲಿನದು ಗಂಟಲಿಗೆ ಇಳಿಯಿತು. ಆಮೇಲಿನದು ಕೆನ್ನೆಯ ಮೇಲೆ ಹರಿಯಿತು. ದಿಂಬು ಒದ್ದೆಯಾಗದಂತೆ ಗೌರಿಬಾಯಿ ಅದನ್ನು ಸೆರಗಿನಿಂದ ಒರೆಸಿದಳು.