ಯಾರೂ ಹೆದರದ ಆರೋಪಿ

ಗಂಡಸಿಯಲ್ಲಿ ನಮ್ಮ ಮನೆಗೂ ಬೋರಯ್ಯನ ತೋಟಕ್ಕೂ ನಡುವೆ ಒಂದು ಬೇಲಿ. ಬೇಲಿಯಾಚೆಯ ಒಂದು ತೆಂಗಿನ ಮರ ನಮ್ಮ ಹೆಂಚಿನ ಮೇಲೆ ಬಾಗಿತ್ತು. ತೊಂಬತ್ತೆಂಟರ ಒಂದು ಬೆಳಿಗ್ಗೆ ಕಾಯಿ ಉದುರಿ ಹೆಂಚು ಒಡೆಯಿತು. ಅರಸೀಕೆರೆಯ ಸರ್ಕಾರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು ಮಚ್ಚು ಹಿಡಿದು ಬೇಲಿಯ ಬಳಿ ಹೋಗಿ, ಇನ್ನೊಂದು ಕಾಯಿ ಬಿದ್ದರೆ ಬೋರಯ್ಯನ ತಲೆ ತೆಗೆಯುತ್ತೇನೆಂದು ಕೂಗಿದೆ. ಆಮೇಲೆ, ಬಿದ್ದ ಕಾಯಿ ಮರದವನದೇ ಎಂಬುದು ನಮ್ಮ ಕಡೆಯ ರೂಢಿಯಾದ್ದರಿಂದ, ಅವನ್ನೆಲ್ಲ ಆರಿಸಿ ಅವನ ಜಗಲಿಯ ಮೇಲಿಟ್ಟು ಬಂದೆ.

ಬೋರಯ್ಯ ಕೊಲೆ ಬೆದರಿಕೆಯ ದೂರು ಕೊಟ್ಟ. ಆಗ ನನಗೆ ಬಡ್ತಿ ಬರುವುದರಲ್ಲಿತ್ತು. ವಿಚಾರಣೆ ಶುರುವಾದರೆ ಅದು ಕೈತಪ್ಪಿದಂತೆ.

ಅರಸೀಕೆರೆಯ ಮ್ಯಾಜಿಸ್ಟ್ರೇಟರು ಕಾಗದಪತ್ರ ಓದಿ, ವಿಚಾರಣೆಗೆ ಒಳಪಡಿಸುವಂಥದ್ದು ಇದರಲ್ಲಿ ಏನೂ ಇಲ್ಲವೆಂದು ನನ್ನನ್ನು ಕೇಸಿನಿಂದ ಕೈಬಿಟ್ಟರು. ತನಗೆ ಭಯವಾಗಲಿಲ್ಲ, ನಕ್ಕು ಒಳಗೆ ಹೋದೆ ಎಂದು ಬೋರಯ್ಯನೇ ಪೊಲೀಸರಿಗೆ ಹೇಳಿದ್ದ. ತಲೆ ತೆಗೆಯಲು ಹೊರಟವನು ಕಾಯಿ ತಲುಪಿಸಿ ಬರುವುದಿಲ್ಲ ಎಂದೂ ಆದೇಶದಲ್ಲಿತ್ತು.

ಹೆಂಡತಿ ಮಾಲಿನಿ ಮಾಲೇಕಲ್ಲಿನ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದಳು. ನನಗೆ ಮಾತ್ರ ಎಲ್ಲೋ ಚುಚ್ಚುತ್ತಿತ್ತು. ಕೇಸು ನಡೆದಷ್ಟು ಕಾಲ ನನ್ನ ತರಗತಿಯಲ್ಲಿ ಹಿಂದಿನ ಬೆಂಚೂ ನೋಟ್ಸ್ ಬರೆದುಕೊಳ್ಳುತ್ತಿತ್ತು. ಆದೇಶದ ಸುದ್ದಿ ತಲುಪಿದ ದಿನವೇ ಅಲ್ಲಿಂದ ಕಾಗದದ ವಿಮಾನ ಹಾರಿಬಂತು.

ಅಷ್ಟರಲ್ಲಿ ಸರ್ಕಾರದ ಕಡೆಯವರು ಆ ಆದೇಶದ ವಿರುದ್ಧ ಹಾಸನದ ಸೆಷನ್ಸ್ ಕೋರ್ಟಿಗೆ ಹೋದರು. ನನ್ನ ವಕೀಲ ತಮ್ಮಯ್ಯನವರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು. ಊರಿನವರ ಬಾಯಲ್ಲಿ ಅದು ಅಪೀಲು. ಬಡ್ತಿಯ ಚಿಂತೆಯಲ್ಲಿ ನಿದ್ದೆ ಕೆಟ್ಟಿತು. ಆದರೂ ಅರ್ಜಿಯಲ್ಲಿ 'ಆರೋಪಿಯು ಅಪಾಯಕಾರಿ ಪ್ರವೃತ್ತಿಯವನು' ಎಂದಿದ್ದ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ.

ಹಾಸನದಲ್ಲಿ ಸರ್ಕಾರಿ ವಕೀಲರು ಚೆನ್ನಾಗಿ ವಾದಿಸಿದರು. ಎದುರಿನವನು ಹೆದರಿದನೇ ಎಂಬುದು ಮುಖ್ಯವಲ್ಲ, ಹೆದರಿಸುವ ಉದ್ದೇಶವಿತ್ತೇ ಎಂಬುದು ಮುಖ್ಯ. ಈ ಮನುಷ್ಯನ ಕಣ್ಣಲ್ಲಿ ಅಂದು ಕ್ರೌರ್ಯವಿತ್ತು ಎಂದರು. ನನ್ನ ವಕೀಲರೋ, ಇವರು ಇರುವೆಯನ್ನೂ ತುಳಿಯದ ಪಾಪದ ಮೇಷ್ಟ್ರು ಎಂದು ಮೊದಲೇ ಬರೆದುಕೊಟ್ಟಿದ್ದರು. ಯಾವುದಕ್ಕೆ ತಲೆದೂಗಬೇಕೆಂಬ ಎಚ್ಚರ ನನಗೆ ಉಳಿಯಲಿಲ್ಲ. ತಮ್ಮಯ್ಯನವರು ನನ್ನ ಕಾಲು ತುಳಿಯುವಷ್ಟರಲ್ಲಿ ನ್ಯಾಯಾಧೀಶರು ನೋಡಿಬಿಟ್ಟಿದ್ದರು.

"ಸರ್ಕಾರದ ವಾದಕ್ಕೆ ನೀವ್ಯಾಕ್ರೀ ತಲೆ ಆಡಿಸ್ತಿದ್ದೀರಿ?"

"ಕತ್ತು ನೋವು, ಸ್ವಾಮಿ," ಎಂದೆ. ಕೈ ಮುಗಿದೆ. ನ್ಯಾಯಾಧೀಶರು ಅರ್ಜಿಯಲ್ಲಿದ್ದ 'ಅಪಾಯಕಾರಿ' ಎಂಬ ಮಾತಿನ ಮೇಲೊಮ್ಮೆ, ನನ್ನ ಮೇಲೊಮ್ಮೆ ಕಣ್ಣಾಡಿಸಿದರು. ಮಧ್ಯಾಹ್ನ ಅಪೀಲು ವಜಾ ಆಯಿತು.

ವಾಪಸು ಬರುವ ಬಸ್ಸಿನಲ್ಲಿ ಉಳಿದಿದ್ದ ಒಂದೇ ಸೀಟು, ಕೇಸು ನೋಡಲು ಬಂದಿದ್ದ ಬೋರಯ್ಯನ ಪಕ್ಕದ್ದು. ಊರು ಹತ್ತಿರವಾದಾಗ ಅವನು ಕಿಟಕಿಯ ಕಡೆ ನೋಡುತ್ತಲೇ ಹೇಳಿದ.

"ಮೇಷ್ಟ್ರೇ, ಅವತ್ತು ನಂಗೆ ಭಯ ಆಗಿತ್ತು ಕಣ್ರೀ. ಬಾಗ್ಲು ಹಾಕ್ಕೊಂಡು ಕೂತಿದ್ದೆ. ಪೊಲೀಸ್ನೋರ ಮುಂದೆ ಹೇಳಾಕೆ ನಾಚ್ಕೆ ಆಯ್ತು."

ನನ್ನ ಎದೆ ತುಂಬಿ ಬಂತು. ಇಳಿದ ಮೇಲೆ, ಮನೆಯವರೆಗೂ ಬಂದು ಮಾಲಿನಿಯ ಎದುರು ಇದನ್ನೇ ಒಮ್ಮೆ ಹೇಳಬೇಕೆಂದು ಅವನನ್ನು ಬೇಡಿಕೊಂಡೆ.

ಬೋರಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಬ್ಯಾಡ ಬಿಡಿ. ಅವ್ರು ನಗ್ತಾರೆ. ಸರ್ಕಾರ ಕೇಳಿಸ್ಕೊಂಡ್ರೆ ಇನ್ನೊಂದ್ಕಿತ ಅಪೀಲು ಹಾಕ್ತೈತೆ."