ನಾಲ್ಕು ಸೀಟಿನ ದೋಣಿ

"ಇವರಲ್ಲಿ ಚೆನ್ ಮೇಷ್ಟ್ರು ಯಾರು ರೀ?" ಭಾನು ಕೇಳಿದಳು.

ಕೆರೆಯ ದಂಡೆಯ ಮೇಲೆ, ನೀರಿನತ್ತ ಬಾಗಿದ ಮರದ ಕೆಳಗೆ, ಐದಾರು ಮುದುಕರು ಮಡಿಸುವ ಸ್ಟೂಲುಗಳ ಮೇಲೆ ಕೂತು ಎರಡು ತಂತಿಯ ಪಿಟೀಲು ನುಡಿಸುತ್ತಿದ್ದರು. ದೇವೇಂದ್ರ ಒಂದೊಂದೇ ಮುಖ ನೋಡಿದ.

"ಇವತ್ತು ಬಂದಿಲ್ಲ ಅನ್ಸತ್ತೆ."

ಮುದುಕರಲ್ಲಿ ಯಾರೂ ಅವನನ್ನು ಕಂಡು ನಗಲಿಲ್ಲ. ಒಬ್ಬನ ಕಮಾನೂ ನಿಲ್ಲಲಿಲ್ಲ.

ಮೈಸೂರಿನಲ್ಲಿ ಭಾನುವಿನ ತಂಗಿಯ ಮಗಳ ಮದುವೆಯಿತ್ತು. ಅಮೆರಿಕದಿಂದ ಹೋಗುವ ದಾರಿಯಲ್ಲಿ ಮೂರು ದಿನ ಚೀನಾದ ನಾನ್‌ಜಿಂಗ್‌ನಲ್ಲಿ ಇಳಿಯೋಣ ಎಂದು ಹಟ ಹಿಡಿದವಳು ಅವಳೇ. ದೇವೇಂದ್ರ ಕೆಲಸ ಮಾಡುವ, ಮಿಶಿಗನ್ನಿನ ಆಬರ್ನ್ ಹಿಲ್ಸ್‌ನ ಕಂಪನಿ ಹೊಸ ಕಾರ್ಖಾನೆ ಶುರುಮಾಡಲು ಅವನನ್ನು ಈ ಊರಿಗೆ ಕಳಿಸಿ ಮೂರು ವರ್ಷ ಇಟ್ಟುಕೊಂಡಿತ್ತು. ಅವನು ಅಮೆರಿಕದ ಮನೆಗೆ ಮರಳಿಯೇ ಆರು ವರ್ಷವಾಗಿತ್ತು. ಇಲ್ಲಿದ್ದಾಗ ಪ್ರತಿ ಭಾನುವಾರ ಬೆಳಗ್ಗೆ ಈ ಪಾರ್ಕಿನಿಂದಲೇ ಫೋನ್ ಮಾಡುತ್ತಿದ್ದ. ನಾರ್ತ್‌ವಿಲ್‌ನ ಮನೆಯಲ್ಲಿ ಆಗ ಶನಿವಾರದ ಸಂಜೆ. ಚೆನ್ ಮೇಷ್ಟ್ರು, ಪಂಜರದ ಹಕ್ಕಿಯನ್ನು ಗಾಳಿಗೆ ಕರೆತರುವ ಗಂಡ ಹೆಂಡತಿ, ಕಲ್ಲುಹಾಸಿನ ಮೇಲೆ ನೀರಲ್ಲಿ ಅದ್ದಿದ ಕುಂಚದಿಂದ ಅಕ್ಷರ ಬರೆಯುವ ಅಜ್ಜ, ಎಲ್ಲರನ್ನೂ ಸೇರಿಸಿ "ನಮ್ಮ ಗ್ಯಾಂಗ್" ಎನ್ನುತ್ತಿದ್ದ. ಭಾನು ಫೋನನ್ನು ಸ್ಪೀಕರಿಗೆ ಹಾಕಿ ಪಾತ್ರೆ ತೊಳೆಯುತ್ತ ಕೇಳುತ್ತಿದ್ದಳು. ಚಳಿಗಾಲದಲ್ಲಾದರೆ ಡ್ರೈವ್‌ವೇಯ ಹಿಮ ಎತ್ತಿ ಸೊಂಟ ಹಿಡಿದುಕೊಂಡಿರುತ್ತಿತ್ತು. ಮಗಳು ತನಿಷಾ ರೂಮಿನ ಬಾಗಿಲು ಹಾಕಿಕೊಂಡಿರುತ್ತಿದ್ದಳು.

ಒಂದು ನವೆಂಬರಿನಲ್ಲಿ ಎದೆಯಲ್ಲಿ ಗಂಟು ಕಂಡು ಭಾನುವಿಗೆ ಬಯಾಪ್ಸಿ ಮಾಡಿದರು. ಮರುದಿನ ಅವನ ಫೋನ್ ಬಂದಾಗ, "ಫ್ರೆಂಡು ಕೌಸಲ್ಯಾ ಜೊತೇಲಿದ್ಳು, ಏನೂ ತೊಂದ್ರೆ ಆಗ್ಲಿಲ್ಲ" ಎಂದಳು. "ಸದ್ಯ" ಎಂದವನೇ ಅವನು ಚೆನ್ ಮೇಷ್ಟ್ರ ಮನೆಯ ಊಟದ ಕಥೆ ತೆಗೆದ. ತಾನು ಕಡುಬು ಕಟ್ಟಲು ಹೋಗಿ ಹಿಟ್ಟೆಲ್ಲ ಹಾಳು ಮಾಡಿದ್ದನ್ನು ಇಪ್ಪತ್ತು ನಿಮಿಷ ಹೇಳಿ ಹೇಳಿ ನಕ್ಕ. ಗಂಟು ಅಪಾಯದ್ದಲ್ಲ ಎಂದು ಆಮೇಲೆ ರಿಪೋರ್ಟ್ ಬಂತು. ಆ ನಗು ಮಾತ್ರ ಅವಳೊಳಗೆ ಉಳಿದುಬಿಟ್ಟಿತು. ಅವನು ಮನೆಗೆ ಮರಳಿದ ಮೇಲೂ ದಿನಸಿ, ಮಾರ್ಟ್‌ಗೇಜು, ಮಗಳ ಕಾಲೇಜು ಇಷ್ಟೇ ಅವರ ಮಾತಾಯಿತು. ತನಗಿಂತ ಅವನಿಗೆ ಬೇಕಾಗಿದ್ದ ಆ ಜನ ಹೇಗಿದ್ದಾರೋ, ಒಮ್ಮೆ ಕಣ್ಣಾರೆ ನೋಡಬೇಕು ಎಂದು ಭಾನು ಬಂದಿದ್ದಳು.

ಸೇವಂತಿಗೆ ಕುಂಡಗಳ ಸಾಲು ದಾಟಿದಾಗ ಕುಂಚದ ಅಜ್ಜ ಸಿಕ್ಕ. ಯಾರೋ ಪ್ರವಾಸಿಗರಿಗೆ ಬಿಡುವಂತೆ ಬಕೆಟ್ಟನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟ.

"ಇವರೂ ನಿಮ್ಮನ್ನ ಮರೆತುಬಿಟ್ರಾ?"

"ಆರು ವರ್ಷ ಆಯ್ತಲ್ಲ ಕಣೇ. ಹೋಟೆಲಿಗೆ ಹೋಗೋಣ್ವಾ? ಬಿಸಿಲು."

"ಎಲ್ಲಿದೆ ಬಿಸಿಲು?"

ಆಕಾಶ ಮಬ್ಬಾಗಿತ್ತು. ಕೆರೆಯ ಆಚೆ ದಡದ ಹಳೆಯ ಕೋಟೆಗೋಡೆ ಅರ್ಧ ಮಾತ್ರ ಕಾಣುತ್ತಿತ್ತು. ಭಾನು ಅವನ ಉತ್ತರಕ್ಕೆ ಕಾಯದೆ ದೋಣಿಕಟ್ಟೆಯ ಕಡೆ ನಡೆದಳು.

ಟಿಕೆಟ್ ಕಿಟಕಿಯ ಹೆಂಗಸು ದೇವೇಂದ್ರನನ್ನು ಕಂಡದ್ದೇ ಎದ್ದು ನಿಂತಳು. ಒಂದು ಬೆರಳು ಎತ್ತಿ ತೋರಿಸಿ ನಕ್ಕಳು. ಭಾನುವನ್ನು ನೋಡಿ ಎರಡನೆಯ ಬೆರಳನ್ನೂ ಎತ್ತಿದಳು. ಆಮೇಲೆ ಫೋನಿಗೆ ಬಾಯಿಟ್ಟು ಏನೋ ಹೇಳಿದಳು. ಫೋನು ಅದನ್ನು ಇಂಗ್ಲಿಷಿನಲ್ಲಿ ಒಪ್ಪಿಸಿತು. ಇವರು ಪ್ರತಿ ಭಾನುವಾರ ಬರುತ್ತಿದ್ದರು. ನಾಲ್ಕು ಸೀಟಿನ ದೋಣಿಯನ್ನು ಒಬ್ಬರೇ ತೆಗೆದುಕೊಳ್ಳುತ್ತಿದ್ದರು. ನಡುಕೆರೆಯಲ್ಲಿ ನಿಲ್ಲಿಸಿ ಫೋನಿನಲ್ಲಿ ಮಾತಾಡಿ ತುಂಬ ನಗುತ್ತಿದ್ದರು. ಫೋನ್ ಮುಗಿದ ಮೇಲೆ ಸುಮ್ಮನೆ ಕೂತುಬಿಡುತ್ತಿದ್ದರು. ಹೊತ್ತು ಮೀರಿದರೂ ಬರುತ್ತಿರಲಿಲ್ಲ, ನಾನು ಮೈಕಿನಲ್ಲಿ ಕೂಗಬೇಕಾಗುತ್ತಿತ್ತು.

ದೇವೇಂದ್ರ ನೆಲ ನೋಡುತ್ತಿದ್ದ. ಭಾನುವಿನ ಚೀಲದಲ್ಲಿ ಚೆನ್ ಮೇಷ್ಟ್ರಿಗೆಂದು ಮಿಶಿಗನ್‌ನಿಂದ ತಂದ ಒಣ ಚೆರಿಯ ಪೊಟ್ಟಣವಿತ್ತು. ಅದನ್ನು ತೆಗೆದು ಆ ಹೆಂಗಸಿನ ಕೈಗೆ ಕೊಟ್ಟಳು.

ದೋಣಿಯಲ್ಲಿ ಅವನು ಮುಂದೆ ಕೂತ, ಅವಳು ಹಿಂದೆ. ಮೋಟಾರು ಸಣ್ಣಗೆ ಗುಂಯ್‌ಗುಡುತ್ತಿತ್ತು. ದಡದ ಪಿಟೀಲು ಕೇಳಿಸದಷ್ಟು ದೂರ ಬಂದಾಗ ಅವನೇ ಮೋಟಾರು ನಿಲ್ಲಿಸಿದ.

"ಚೆನ್ ಮೇಷ್ಟ್ರು ಅಂತ ಯಾರೂ ಇರ್ಲೇ ಇಲ್ವಾ?"

"ಇದ್ರು. ಪಿಟೀಲು ನುಡಿಸ್ತಿದ್ರು. ನಾನು ಆಚೆ ಬೆಂಚಲ್ಲಿ ಕೂತು ಕೇಳ್ತಿದ್ದೆ. ಹೆಸರು ನಾನೇ ಇಟ್ಟಿದ್ದು. ಮೇಷ್ಟ್ರು ಹೌದೋ ಅಲ್ವೋ, ಗೊತ್ತಿಲ್ಲ."

"ಕಡುಬು?"

"ಅವತ್ತು ನನ್ನ ರೂಮಲ್ಲಿ ಒಬ್ನೇ ಬ್ರೆಡ್ ತಿಂದಿದ್ದೆ." ಅವನು ತಿರುಗಲಿಲ್ಲ. "ನೀನು ಅಲ್ಲಿ ಒಬ್ಳೇ ಎಲ್ಲಾ ನೋಡ್ಕೋತಿದ್ದೆ. ನಂಗೂ ಇಲ್ಲಿ ಬೇಜಾರು ಅಂತ ಹೆಂಗೆ ಹೇಳ್ಲಿ? ನಾನು ಆರಾಮಾಗಿದೀನಿ ಅಂದ್ರೆ ನಿಂಗೊಂದು ಯೋಚನೆ ತಪ್ಪತ್ತೆ ಅನ್ಕೊಂಡೆ. ಬಯಾಪ್ಸಿ ಅಂದಾಗ ಕೈಕಾಲೇ ಆಡ್ಲಿಲ್ಲ ಕಣೇ. ನಗಿಸ್ಬೇಕು ಅನ್ನೋದೊಂದೇ ತಲೇಲಿತ್ತು."

ಭಾನುವಿಗೆ ಸಿಟ್ಟು ಬರಲಿಲ್ಲ. ಒಂಬತ್ತು ವರ್ಷದಲ್ಲಿ ಎಷ್ಟು ಶನಿವಾರಗಳು ಕಳೆದವೋ ಎಂದು ಯೋಚಿಸಲು ಹೋಗಿ ಅರ್ಧಕ್ಕೇ ಬಿಟ್ಟಳು. ಅವನ ಬೆನ್ನು ಎದುರಿಗಿತ್ತು. ಕತ್ತಿನ ಹತ್ತಿರ ಶರ್ಟಿನ ಕಾಲರು ಒಳಗೆ ಮಡಚಿಕೊಂಡಿತ್ತು. ಕೈ ಚಾಚಿ ಸರಿಮಾಡಬಹುದಿತ್ತು, ಮಾಡಲಿಲ್ಲ.

"ಅವತ್ತು ಕೌಸಲ್ಯಾ ಬಂದಿರ್ಲಿಲ್ಲ ರೀ," ಎಂದಳು.

ಅವನು ಆಗ ತಿರುಗಿದ.

"ಯಾರನ್ನೂ ಕರೀಲಿಲ್ಲ. ನಾನೇ ಡ್ರೈವ್ ಮಾಡ್ಕೊಂಡು ಹೋದೆ. ಮುಗಿದ ಮೇಲೆ ಪಾರ್ಕಿಂಗ್ ಲಾಟಲ್ಲಿ ಒಂದು ಗಂಟೆ ಕಾರಲ್ಲೇ ಕೂತಿದ್ದೆ. ಹೀಟರ್ ಹಾಕೋದೂ ಮರೆತುಹೋಗಿತ್ತು."

ಯಾರೂ ತಿರುಗಿಸದ ದೋಣಿ ಗಾಳಿಗೆ ತಾನಾಗಿ ಒಣಗಿದ ತಾವರೆ ದಂಟುಗಳತ್ತ ಸರಿಯುತ್ತಿತ್ತು.

ಕೆರೆ ಶುಚಿ ಮಾಡುವವನೊಬ್ಬ ಚಪ್ಪಟೆ ದೋಣಿಯಲ್ಲಿ ನಿಂತು ಹತ್ತಿರ ಬಂದ. ಉದ್ದ ಹಿಡಿಯ ಬಲೆಯಿಂದ ತೇಲುವ ಎಲೆಗಳನ್ನು ಎತ್ತಿ ತನ್ನ ಹಿಂದೆ ಗುಡ್ಡೆ ಹಾಕುತ್ತ, ಇವರ ಕಡೆ ನೋಡದೆ, ಪಕ್ಕದಲ್ಲೇ ಹಾದುಹೋದ. ಅವನು ಹೋದ ದಾರಿಯುದ್ದಕ್ಕೂ ನೀರು ಸ್ವಲ್ಪ ಹೊತ್ತು ಕಪ್ಪಾಗಿ, ತೆರೆದುಕೊಂಡೇ ಇತ್ತು.